ಯುರೇನಸ್ ನಮಗ್ಯಾಕ ಬೇಕು ಅನ್ನೋರಿಗೆ

ನೇರವಾಗಿ ವಿಷಯಕ್ಕೆ ಬರ್ತೀವಿ. ಯುರೇನಸ್ ಮತ್ತು ನೆಪ್ಚೂನ್ ಹತ್ತಿರಕ್ಕೆ ಮನುಷ್ಯ ಕಳಿಸಿದ ನೌಕೆ ಇವತ್ತಿನವರೆಗೆ ಒಂದೇ ಒಂದು. ಅದು ವಾಯೇಜರ್-2. 1986ರ ಜನವರಿ 24ರಂದು ಯುರೇನಸ್ ಪಕ್ಕದಿಂದ, 1989ರ ಆಗಸ್ಟ್ 25ರಂದು ನೆಪ್ಚೂನ್ ಪಕ್ಕದಿಂದ ಹಾದುಹೋಯಿತು. ನಿಲ್ಲಲಿಲ್ಲ, ಸುತ್ತಲಿಲ್ಲ, ಹೋಗ್ತಾ ಹೋಗ್ತಾ ನೋಡಿತು ಅಷ್ಟೇ. ಆಮೇಲೆ ಅತ್ತ ಯಾರೂ ಹೋಗಿಲ್ಲ. ನಮ್ಮ ಅಪ್ಪ-ಅವ್ವ ಸಾಲಿಗೆ ಹೋಗುವಾಗ ತೆಗೆದ ಫೋಟೋಗಳನ್ನೇ ನಾವೂ ನಮ್ಮ ಪಠ್ಯಪುಸ್ತಕದಲ್ಲಿ ನೋಡಿ ಬೆಳೆದಿದ್ದೇವೆ.

ನಮ್ಮ ಬಳಗದ ಅಭಿಪ್ರಾಯ ಹೀಗಿದೆ: ಈ ಗ್ರಹಗಳಿಗೆ ಹೋಗುವ ಮುಂದಿನ ಯಾತ್ರೆಯಲ್ಲಿ ಭಾರತ ಪಾಲುದಾರ ಆಗಬೇಕು. ಅದರ ತಯಾರಿ ಈಗಲೇ ಶುರುವಾಗಬೇಕು. ಆ ತಯಾರಿಯಲ್ಲಿ ಬಾಗಲಕೋಟೆಯಂಥ ಊರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಕೆಲಸ ಇದೆ. ಕೊನೆಯ ಮಾತು ಕೇಳಿ ನಗು ಬಂದವರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕು.

ಈ ಗ್ರಹಗಳಿಗೂ ನಮಗೂ ಏನು ಸಂಬಂಧ ಅನ್ನೋದನ್ನ ಮೊದಲು ನೋಡೋಣ. ವಾಯೇಜರ್-2ರ ಮೈಮೇಲೆ ಚಿನ್ನದ ಲೇಪನದ ಒಂದು ತಾಮ್ರದ ತಟ್ಟೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ ಮುದ್ರಿತವಾಗಿವೆ, ಅವುಗಳಲ್ಲಿ ಕನ್ನಡವೂ ಒಂದು. ಅಂದರೆ ಯುರೇನಸ್ ಪಕ್ಕದಿಂದ ಇದುವರೆಗೆ ಹಾದುಹೋದ ಏಕೈಕ ಯಂತ್ರ ಕನ್ನಡವನ್ನೂ ಹೊತ್ತುಕೊಂಡೇ ಹೋಗಿದೆ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಕ್ರಿ.ಶ. 634ರಲ್ಲಿ ಶಾಸನ ಬರೆಸಿದನಲ್ಲ, ಮುಂದೆ ಓದುವವರು ಯಾರೋ ಏನೋ ಗೊತ್ತಿಲ್ಲದಿದ್ದರೂ ತಪ್ಪು ತಿಳಿಯಬಾರದು ಅಂತ ಎರಡೆರಡು ಲೆಕ್ಕದಲ್ಲಿ ಕಾಲ ಹೇಳಿದ್ದಾನೆ: ಭಾರತ ಯುದ್ಧದಿಂದ ಎಷ್ಟು ವರ್ಷ, ಶಕ ವರ್ಷ ಎಷ್ಟು. ವಾಯೇಜರ್‌ನ ತಟ್ಟೆಯೂ ಅಂಥದೇ ಒಂದು ಶಾಸನ. ಯುರೇನಸ್ ಸೂರ್ಯನನ್ನು ಒಮ್ಮೆ ಸುತ್ತಲು 84 ವರ್ಷ ಬೇಕು. ರವಿಕೀರ್ತಿಯ ಕಾಲದಿಂದ ಇಲ್ಲಿಯವರೆಗೆ ಅದು ಸುತ್ತಿರುವುದು ಹದಿನಾರೂವರೆ ಸುತ್ತು ಮಾತ್ರ.

ಎರಡನೆಯ ಸಂಬಂಧ ಇದಕ್ಕಿಂತ ಗಟ್ಟಿ. 1977ರ ಮಾರ್ಚ್ 10ರ ರಾತ್ರಿ ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ತಮಿಳುನಾಡಿನ ಕವಲೂರು ವೀಕ್ಷಣಾಲಯದ ಒಂದು ಮೀಟರ್ ದೂರದರ್ಶಕದಿಂದ ಅದನ್ನು ನೋಡುತ್ತಿದ್ದರು. ಗ್ರಹ ಇನ್ನೂ ದೂರ ಇರುವಾಗಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡ್ ಕುಸಿದು ಮತ್ತೆ ಏರಿತು. ಏನೋ ಅಡ್ಡ ಬಂದಿದೆ ಅನ್ನುವುದು ಖಚಿತ. ಇದು ಯುರೇನಸ್‌ನ ಹೊಸ ಉಪಗ್ರಹ ಇರಬೇಕು ಅಂತ ಅವರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ಹಾರುತ್ತಿದ್ದ ಅಮೆರಿಕದ ಒಂದು ವಿಮಾನದಲ್ಲೂ ದೂರದರ್ಶಕ ಇತ್ತು. ಜೇಮ್ಸ್ ಎಲಿಯಟ್ ತಂಡದ ಆ ದಾಖಲೆಯಲ್ಲಿ ಗ್ರಹದ ಎರಡೂ ಬದಿಗೆ ಒಂದೇ ಥರದ ಕುಸಿತಗಳು ಸಿಕ್ಕವು. ಎರಡೂ ಕಡೆ ಸಮಾನ ಅಂತರದಲ್ಲಿ ಅಡ್ಡ ಬರುವುದು ಉಪಗ್ರಹ ಆಗಲಿಕ್ಕೆ ಸಾಧ್ಯ ಇಲ್ಲ. ಅದು ಉಂಗುರ. ಯುರೇನಸ್‌ಗೂ ಉಂಗುರ ಇದೆ ಅಂತ ಜಗತ್ತಿಗೆ ತಿಳಿದದ್ದು ಹಾಗೆ.

ಇದನ್ನು ಓದಿ 'ಅಯ್ಯೋ, ನಮ್ಮವರಿಗೆ ಸ್ವಲ್ಪದರಲ್ಲಿ ತಪ್ಪಿತು' ಅಂತ ಹಳಹಳಿಸುವವರು ಇದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಕವಲೂರಿನ ದಾಖಲೆ ಸರಿಯಾಗಿಯೇ ಇತ್ತು. ಆಕಡೆ ಇನ್ನೊಂದು ಬದಿಯ ಅಳತೆ ಇತ್ತು, ಈಕಡೆ ಇರಲಿಲ್ಲ. ಎರಡನೇ ಬಿಂದು ಇಲ್ಲದೆ ಗೆರೆ ಎಳೆಯೋಕಾಗಲ್ಲ ಅನ್ನೋದು ನಮ್ಮ ಲ್ಯಾಬ್ ರೆಕಾರ್ಡ್ ಬರೆದವರಿಗೆಲ್ಲ ಗೊತ್ತು. ಮುಖ್ಯ ಸಂಗತಿ ಅಂದ್ರೆ, ವಾಯೇಜರ್ ಭೂಮಿ ಬಿಡುವುದಕ್ಕೂ ಐದು ತಿಂಗಳು ಮೊದಲೇ ನಮ್ಮ ಜನ ಯುರೇನಸ್ ಕೆಲಸದಲ್ಲಿ ಇದ್ದರು. ಆಮೇಲೆ ಎದ್ದು ಹೋದವರು ನಾವೇ.

ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಕನ್ನಡ ಬಳಗ ಅನ್ನಿಸಿಕೊಳ್ಳೋದಿಲ್ಲ. ಈ ಎರಡನ್ನೂ ಕನ್ನಡದಲ್ಲಿ ಹಿಮದೈತ್ಯ ಗ್ರಹಗಳು ಅಂತ ಬರೆಯುತ್ತಾರೆ. ಒಳಗೆ ಫ್ರಿಜ್‌ನ ಬರ್ಫ ತುಂಬಿದೆ ಅಂತ ತಿಳಿಯಬೇಡಿ. ನೀರು, ಅಮೋನಿಯಾ, ಮೀಥೇನ್‌ಗಳನ್ನು ಖಗೋಳದವರು ಒಟ್ಟಾಗಿ 'ಹಿಮ' ಅಂತ ಕರೆಯುವುದು ರೂಢಿ. ಗ್ರಹದ ಒಳಗೆ ಅವು ಭಯಂಕರ ಒತ್ತಡದಲ್ಲಿ, ಸಾವಿರಾರು ಡಿಗ್ರಿ ಶಾಖದಲ್ಲಿ ಕುದಿಯುವ ದಟ್ಟ ದ್ರವದಂತೆ ಇವೆ. ಮೇಲಿನ ಮೋಡ ಮಾತ್ರ ತಣ್ಣಗೆ, ಯುರೇನಸ್‌ನಲ್ಲಿ ಮೈನಸ್ 224 ಡಿಗ್ರಿಯವರೆಗೆ. ಇನ್ನು ನಮ್ಮ ಗುಡಿಗಳ ನವಗ್ರಹದಲ್ಲಿ ಇವೆರಡಕ್ಕೂ ಜಾಗ ಇಲ್ಲ. ಆ ಎರಡು ಸೀಟನ್ನು ರಾಹು-ಕೇತು ಮೊದಲೇ ಹಿಡಿದಿದ್ದಾರೆ, ಏನ್ ಮಾಡೋಕಾಗುತ್ತೆ.

ಈಗ ಇಂಜಿನಿಯರಿಂಗ್‌ಗೆ ಬರೋಣ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಗ್ರಹಕ್ಕಿಂತ ಹೆಚ್ಚಾಗಿ ಆ ನೌಕೆಯ ಕಥೆ. ವಾಯೇಜರ್-2 ಹಾರಿದ್ದು 1977ರ ಆಗಸ್ಟ್ 20ರಂದು. ಅಧಿಕೃತ ಕೆಲಸ ಗುರು ಮತ್ತು ಶನಿಯವರೆಗೆ ಮಾತ್ರ. ಮುಂದಿನ ವರ್ಷವೇ ಅದರ ಮುಖ್ಯ ರೇಡಿಯೋ ರಿಸೀವರ್ ಕೆಟ್ಟಿತು, ಬದಲಿ ರಿಸೀವರ್‌ನ ಒಂದು ಭಾಗವೂ ಕೈಕೊಟ್ಟಿತು. 1981ರಲ್ಲಿ ಶನಿಯನ್ನು ದಾಟಿದ ಮೇಲೆ ಕ್ಯಾಮೆರಾ ತಿರುಗಿಸುವ ವೇದಿಕೆಯ ಗೇರ್ ಬಿಗಿದು ನಿಂತಿತು. ಇಂಥ ಸ್ಥಿತಿಯಲ್ಲಿ ಅದನ್ನು ಯುರೇನಸ್‌ಗೆ ಒಯ್ಯಬೇಕಿತ್ತು. ಅಲ್ಲಿ ಬಿಸಿಲು ಭೂಮಿಯ ಮೇಲಿನದರ 368ನೇ ಒಂದು ಪಾಲು. ಕಡಿಮೆ ಬೆಳಕಲ್ಲಿ ಫೋಟೋ ತೆಗೆಯಬೇಕಾದರೆ ಶಟರ್ ಬಹಳ ಹೊತ್ತು ತೆರೆದಿರಬೇಕು, ನೌಕೆಯೋ ಓಡ್ತಾ ಇರುತ್ತೆ. ಓಡುವ ಬಸ್ಸಿನಿಂದ ಸಂಜೆ ಹೊತ್ತಲ್ಲಿ ಬಾದಾಮಿ ಬೆಟ್ಟದ ಫೋಟೋ ತೆಗೆದು ನೋಡಿದವರಿಗೆ ಕಷ್ಟ ಗೊತ್ತು. ಕ್ಯಾಮೆರಾ ಬದಲು ಇಡೀ ನೌಕೆಯನ್ನೇ ಗುರಿಯ ಕಡೆ ಮೆಲ್ಲಗೆ ತಿರುಗಿಸುತ್ತಾ ಫೋಟೋ ತೆಗೆಯುವ ಉಪಾಯ ಮಾಡಿದರು. ಮಿರಾಂಡಾ ಎಂಬ ಪುಟ್ಟ ಚಂದ್ರನ ಮೇಲಿನ ಕಡಿದಾದ ಕಮರಿಗಳು ಅಷ್ಟು ಸ್ಪಷ್ಟವಾಗಿ ಬಂದದ್ದು ಆ ಉಪಾಯದಿಂದ.

ಫೋಟೋ ತೆಗೆದರೆ ಸಾಲದು, ಅದನ್ನು ಮನೆಗೆ ಮುಟ್ಟಿಸಬೇಕಲ್ಲ. ಗುರುವಿನ ಹತ್ತಿರ ಇದ್ದಾಗ ಸೆಕೆಂಡಿಗೆ 115.2 ಕಿಲೋಬಿಟ್ ಕಳಿಸುತ್ತಿದ್ದ ನೌಕೆ ನೆಪ್ಚೂನ್ ಹತ್ತಿರ 21.6 ಕಿಲೋಬಿಟ್‌ಗೆ ಇಳಿದಿತ್ತು. 800×800 ಚುಕ್ಕಿಯ, ಎಂಟು ಬಿಟ್‌ನ ಒಂದು ಚಿತ್ರ ಅಂದರೆ 51 ಲಕ್ಷ ಬಿಟ್. ಒಂದೊಂದಕ್ಕೆ ನಾಲ್ಕು ನಿಮಿಷ. ಆದ್ದರಿಂದ ಹಾರಾಟದ ಮಧ್ಯದಲ್ಲೇ ಸಾಫ್ಟ್‌ವೇರ್ ಬದಲಿಸಿದರು. ಪ್ರತಿ ಚುಕ್ಕಿಯ ಪೂರ್ತಿ ಬೆಲೆ ಕಳಿಸುವ ಬದಲು ಪಕ್ಕದ ಚುಕ್ಕಿಗಿಂತ ಎಷ್ಟು ವ್ಯತ್ಯಾಸ ಅಂತ ಮಾತ್ರ ಕಳಿಸಿದರೆ ಅರ್ಧಕ್ಕಿಂತ ಕಡಿಮೆ ಬಿಟ್ ಸಾಕು. ಈ ಕೆಲಸಕ್ಕೆ ಬದಲಿಗೆ ಅಂತ ಇಟ್ಟಿದ್ದ ಎರಡನೇ ಕಂಪ್ಯೂಟರನ್ನು ಹಚ್ಚಿದರು. ತಪ್ಪು ತಿದ್ದುವ ಕೋಡ್ ಕೂಡ ಬದಲಾಯಿತು. ಮೊದಲು ಗೋಲೇ ಕೋಡ್ ಇತ್ತು, ಒಂದು ಬಿಟ್ ಮಾಹಿತಿಗೆ ಒಂದು ಬಿಟ್ ಕಾವಲು. ಯುರೇನಸ್‌ನಿಂದ ರೀಡ್-ಸಾಲೊಮನ್ ಕೋಡ್: 255ರಲ್ಲಿ 223 ಮಾಹಿತಿ, ಕಾವಲು 32 ಮಾತ್ರ.

ರೀಡ್-ಸಾಲೊಮನ್ ಅಂದ್ರೆ ಇ ಆಂಡ್ ಸಿ ಗೆಳೆಯರಿಗೆ ಪರೀಕ್ಷೆಯ ಹತ್ತು ಅಂಕದ ಪ್ರಶ್ನೆ. ಉಳಿದವರಿಗೆ ಹೀಗೆ ಹೇಳಬಹುದು: ಕ್ಯಾಂಟೀನ್ ಕೌಂಟರಿನ ಕ್ಯೂಆರ್ ಸ್ಟಿಕ್ಕರ್ ಮೇಲೆ ಮಿರ್ಚಿ ಭಜಿಯ ಎಣ್ಣೆ ಕಲೆ ಬಿದ್ದು ಒಂದು ಮೂಲೆ ಹರಿದಿದ್ದರೂ ದುಡ್ಡು ಹೋಗುತ್ತಲ್ಲ, ಅದಕ್ಕೆ ಕಾರಣ ಇದೇ ಕೋಡ್.

ಇಷ್ಟಾದರೂ ಸಾಲಲಿಲ್ಲ. ನೆಪ್ಚೂನ್ ಭೇಟಿಗಾಗಿ ನಾಸಾ ತನ್ನ 64 ಮೀಟರ್ ಆಂಟೆನಾಗಳನ್ನು 70 ಮೀಟರ್‌ಗೆ ಹಿಗ್ಗಿಸಿತು. ಆಸ್ಟ್ರೇಲಿಯಾದ ಪಾರ್ಕ್ಸ್, ಜಪಾನಿನ ಉಸುದಾ, ನ್ಯೂ ಮೆಕ್ಸಿಕೋದ 27 ಆಂಟೆನಾಗಳ ಸಾಲು, ಎಲ್ಲರ ಸಹಾಯ ಪಡೆಯಿತು. ಸಿವಿಲ್ ಮತ್ತು ಮೆಕ್ಯಾನಿಕಲ್‌ನವರು ಇಲ್ಲಿ ಕಿವಿಗೊಡಬೇಕು: ಗೋಲ್ಡ್‌ಸ್ಟೋನ್‌ನ ಆ 70 ಮೀಟರ್ ಆಂಟೆನಾ ಮತ್ತದರ ಪೀಠ ಸೇರಿ ಸುಮಾರು 2700 ಟನ್, ಅದು ತಿರುಗುವುದು ಕಾಗದದಷ್ಟು ತೆಳುವಾದ ಎಣ್ಣೆ ಪದರದ ಮೇಲೆ.

ಅಷ್ಟೆಲ್ಲ ಕಷ್ಟಪಟ್ಟು ಯುರೇನಸ್ ನೋಡಿದ ನಾಲ್ಕೇ ದಿನಕ್ಕೆ ಚಾಲೆಂಜರ್ ದುರಂತ ಆಯಿತು. ಪತ್ರಿಕೆಗಳ ಮುಖಪುಟದಿಂದ ಯುರೇನಸ್ ಮಾಯ. ಒಂದು ಲೆಕ್ಕದಲ್ಲಿ ಅದು ಇನ್ನೂ ವಾಪಸ್ ಬಂದೇ ಇಲ್ಲ.

ನೋಡಿದ್ದಾದರೂ ಎಷ್ಟು? ಯುರೇನಸ್ 98 ಡಿಗ್ರಿ ವಾಲಿದೆ, ಮಲಗಿಕೊಂಡೇ ಉರುಳುತ್ತೆ ಅನ್ನಬಹುದು. 1986ರಲ್ಲಿ ಅದರ ದಕ್ಷಿಣ ಧ್ರುವ ಸೂರ್ಯನ ಕಡೆ ಇತ್ತು. ಆದ್ದರಿಂದ ಅದರ ಚಂದ್ರರ ಉತ್ತರಾರ್ಧ ಕತ್ತಲಲ್ಲಿತ್ತು, ಇವತ್ತಿಗೂ ಯಾವ ನೌಕೆಯೂ ಆ ಭಾಗ ನೋಡಿಲ್ಲ. ಅದರ ಕಾಂತಕ್ಷೇತ್ರ ಅಕ್ಷದಿಂದ 59 ಡಿಗ್ರಿ ಓರೆ, ಯಾಕೆ ಅಂತ ಗಟ್ಟಿಯಾಗಿ ಹೇಳೋರಿಲ್ಲ. 2024ರ ನವೆಂಬರ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನ ಹಳೇ ವಾಯೇಜರ್ ದತ್ತಾಂಶವನ್ನೇ ಮತ್ತೆ ತಿರುವಿ ನೋಡಿ ಒಂದು ತಮಾಷೆ ಹೇಳಿತು: ನೌಕೆ ಹೋದ ಹೊತ್ತಿಗೆ ಸೌರಮಾರುತ ಜೋರಾಗಿ ಬೀಸಿ ಯುರೇನಸ್‌ನ ಕಾಂತಗೋಳವನ್ನು ಅದುಮಿತ್ತು. ಅಂಥ ಸ್ಥಿತಿ ಇರುವುದು ನೂರಕ್ಕೆ ನಾಲ್ಕೈದು ಪಾಲು ಸಮಯ ಮಾತ್ರ. ಅಂದ್ರೆ 38 ವರ್ಷ ನಾವು ಓದಿಕೊಂಡು ಬಂದ ಯುರೇನಸ್ ಒಂದು ಅಪರೂಪದ ದಿನದ ಯುರೇನಸ್. ಮಲಪ್ರಭೆಗೆ ಮಹಾಪೂರ ಬಂದ ದಿನ ಒಂದೇ ಸಲ ಬಂದು ನೋಡಿ ಹೋದವನು 'ಇದು ಯಾವಾಗಲೂ ಹೀಗೇ ಹರಿಯುವ ನದಿ' ಅಂತ ಬರೆದಿಟ್ಟ ಹಾಗೆ.

ಇಲ್ಲಿಂದಾಚೆ ಬೇರೆಯವರು ಏನು ಮಾಡ್ತಿದ್ದಾರೆ? ಅಮೆರಿಕದ ಗ್ರಹವಿಜ್ಞಾನಿಗಳು ಹತ್ತು ವರ್ಷಕ್ಕೊಮ್ಮೆ ಆದ್ಯತೆಯ ಪಟ್ಟಿ ಮಾಡುತ್ತಾರೆ. 2022ರ ಪಟ್ಟಿಯಲ್ಲಿ ಹೊಸ ದೊಡ್ಡ ಯೋಜನೆಗಳಲ್ಲಿ ಮೊದಲ ಸ್ಥಾನ ಯುರೇನಸ್ ಸುತ್ತುವ ನೌಕೆಗೆ, ಜೊತೆಗೆ ಅದರ ವಾತಾವರಣಕ್ಕೆ ಧುಮುಕುವ ಒಂದು ಶೋಧಕಕ್ಕೆ. 2031-32ರಲ್ಲಿ ಹಾರಿಸಿದರೆ ಗುರುವಿನ ಸೆಳೆತದ ಸಹಾಯ ಪಡೆದು ಹದಿಮೂರು ವರ್ಷಕ್ಕೆ ಮುಟ್ಟಬಹುದು ಅಂತ ಲೆಕ್ಕ ಹಾಕಿದ್ದರು. ಅದು ಆ ದಶಕದ ನಡುವಿಗೆ ಜಾರುವ ಸಾಧ್ಯತೆಯೇ ಹೆಚ್ಚು. ಚೀನಾ ತನ್ನ ತಿಯಾನ್‌ವೆನ್-4 ಯೋಜನೆಯಲ್ಲಿ ಒಂದು ನೌಕೆಯನ್ನು ಗುರುವಿಗೆ, ಇನ್ನೊಂದು ಸಣ್ಣದನ್ನು ಯುರೇನಸ್ ಪಕ್ಕಕ್ಕೆ ಕಳಿಸುವ ಆಲೋಚನೆಯಲ್ಲಿದೆ. ನಮ್ಮ ಇಸ್ರೋ ಪಟ್ಟಿಯಲ್ಲಿ ಚಂದ್ರಯಾನ-4 ಇದೆ, ಶುಕ್ರಯಾನ ಇದೆ. ಗುರುವಿನಿಂದಾಚೆಗೆ ಏನೂ ಇಲ್ಲ.

ಬಳಗದ ಸಭೆಯಲ್ಲಿ ಇದನ್ನು ಹೇಳಿದಾಗ ಹುನಗುಂದ ಕಡೆಯ ಗೆಳೆಯನೊಬ್ಬ ಎದ್ದು ಕೇಳಿದ: "ಲೇ, ನಮ್ಮೂರಾಗ ಬ್ಯಾಸಗಿ ಬಂದ್ರ ಕುಡಿಯೋ ನೀರಿಗೆ ಟ್ಯಾಂಕರ್ ದಾರಿ ಕಾಯ್ತೀವಿ. ನಿಮಗ ಯುರೇನಸ್ ಚಿಂತಿ ಹತ್ತೇತಿ?" ಸಭೆ ಚಪ್ಪಾಳೆ ತಟ್ಟಿತು. ತಟ್ಟಬೇಕಾದ್ದೇ. ಈ ಪ್ರಶ್ನೆಗೆ 'ಬಾಹ್ಯಾಕಾಶ ಸಂಶೋಧನೆಯಿಂದ ಜನಸಾಮಾನ್ಯರಿಗೆ ಲಾಭ' ಅನ್ನೋ ಪ್ರಬಂಧದ ಉತ್ತರ ಕೊಡೋಕೆ ನಮಗೆ ಮನಸ್ಸಿಲ್ಲ. ಯುರೇನಸ್‌ಗೆ ಹೋದರೆ ಹುನಗುಂದದ ನಲ್ಲಿಯಲ್ಲಿ ನೀರು ಬರೋದಿಲ್ಲ. ನೀರು ಬೇರೆ ಹೋರಾಟ, ಅದನ್ನು ಅದರ ಜಾಗದಲ್ಲೇ ಮಾಡಬೇಕು.

ಆದರೆ ದುಡ್ಡಿನ ಲೆಕ್ಕ ಸರಿಯಾಗಿ ಇಟ್ಟುಕೊಳ್ಳೋಣ. ಅಮೆರಿಕದವರ ಆ ಯುರೇನಸ್ ಯೋಜನೆಗೆ ಅಂದಾಜು 420 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ 35 ಸಾವಿರ ಕೋಟಿ ರೂಪಾಯಿ ಮೇಲೆ. ನಮ್ಮ ಬಾಹ್ಯಾಕಾಶ ಇಲಾಖೆಯ ಇಡೀ ವರ್ಷದ ಬಜೆಟ್ಟೇ ಸುಮಾರು 13 ಸಾವಿರ ಕೋಟಿ. ಭಾರತ ಒಬ್ಬಂಟಿಯಾಗಿ ಯುರೇನಸ್‌ಗೆ ಹೋಗಲಿ ಅಂತ ನಾವು ಹೇಳ್ತಿಲ್ಲ, ಹೇಳೋರ ಮಾತನ್ನು ನಾವು ನಂಬೋದೂ ಇಲ್ಲ. ನಾವು ಕೇಳುವುದು ಒಂದು ಸೀಟು. ಚಂದ್ರಯಾನ-1ರಲ್ಲಿ 11 ಉಪಕರಣಗಳ ಪೈಕಿ 6 ವಿದೇಶದವು. ಚಂದ್ರನ ನೆಲದಲ್ಲಿ ನೀರಿನ ಕುರುಹು ಕಂಡ ಉಪಕರಣ ನಾಸಾದ್ದು, ಹೊತ್ತದ್ದು ನಮ್ಮ ನೌಕೆ. 2025ರ ಜುಲೈನಲ್ಲಿ ಹಾರಿದ ನಿಸಾರ್ ಕೂಡ ಇಬ್ಬರ ಜಂಟಿ ಸಂಸಾರ. ಹಾಗಿದ್ದಮೇಲೆ ಯುರೇನಸ್ ನೌಕೆಯಲ್ಲಿ ನಮ್ಮದೊಂದು ಮ್ಯಾಗ್ನೆಟೋಮೀಟರ್ ಇರಬಾರದಾ? ಸಂಕೇತ ಹಿಡಿಯೋ ಕೆಲಸದಲ್ಲಿ ನಮ್ಮದೊಂದು ದೊಡ್ಡ ಆಂಟೆನಾ ಇರಬಾರದಾ?

ಆಂಟೆನಾ ಅಂದ ಕೂಡಲೇ ಬೆಂಗಳೂರು ಹತ್ತಿರದ ಬ್ಯಾಲಾಳು ನೆನಪಾಗಬೇಕು. ಅಲ್ಲಿರುವ 32 ಮೀಟರ್ ಆಂಟೆನಾ ಚಂದ್ರಯಾನ, ಮಂಗಳಯಾನ ಎರಡರ ಮಾತೂ ಕೇಳಿದೆ. ಆದರೆ ಲೆಕ್ಕ ಹಾಕಿ ನೋಡಿ. 70 ಮೀಟರ್ ಆಂಟೆನಾದ ವಿಸ್ತೀರ್ಣದ ಐದನೇ ಒಂದು ಭಾಗ ಅದು. ಮಂಗಳ ಅತಿ ದೂರ ಇದ್ದಾಗ 40 ಕೋಟಿ ಕಿಲೋಮೀಟರ್, ಯುರೇನಸ್ 290 ಕೋಟಿ. ದೂರ ಏಳು ಪಟ್ಟು, ಸಂಕೇತ ಐವತ್ತು ಪಟ್ಟು ಕ್ಷೀಣ. ಹಲೋ ಅಂದರೆ ಅಲ್ಲಿಗೆ ಮುಟ್ಟೋಕೆ 2 ಗಂಟೆ 40 ನಿಮಿಷ, ಉತ್ತರ ಬರೋಕೆ ಮತ್ತಷ್ಟೇ. ನೆಪ್ಚೂನ್ ಆದರೆ ಒಂದು ಕಡೆಗೇ ನಾಲ್ಕು ಗಂಟೆ ಮೇಲೆ. ದೊಡ್ಡದೊಂದು ಆಂಟೆನಾ ಕಟ್ಟುವುದು, ಇಲ್ಲಾ ಸಣ್ಣ ಸಣ್ಣವನ್ನು ಸಾಲಾಗಿ ಜೋಡಿಸುವುದು, ಎರಡೂ ಇಲ್ಲೇ ನೆಲದ ಮೇಲೆ, ನಾವೇ ಮಾಡಬಹುದಾದ ಕೆಲಸ. ನೌಕೆ ಹಾರಿಸುವುದಕ್ಕಿಂತ ಅಗ್ಗ ಮತ್ತು ಬೇರೆ ಎಲ್ಲ ಯೋಜನೆಗೂ ಉಪಯೋಗಕ್ಕೆ ಬರುವಂಥದ್ದು.

ವಿದ್ಯುತ್ತಿನದು ಇನ್ನೂ ಕಠಿಣ. ಯುರೇನಸ್‌ನಲ್ಲಿ ಒಂದು ಚದರ ಮೀಟರಿಗೆ ಬೀಳುವ ಬಿಸಿಲು 3.7 ವ್ಯಾಟ್. ಶೇ. 30 ದಕ್ಷತೆಯ ಸೌರಫಲಕ ಹಾಕಿದರೂ ಸಿಗುವುದು ಒಂದು ವ್ಯಾಟ್ ಚಿಲ್ಲರೆ. 300 ವ್ಯಾಟ್‌ಗೆ ಮೂರು ಬ್ಯಾಡ್ಮಿಂಟನ್ ಅಂಗಣಕ್ಕಿಂತ ದೊಡ್ಡ ಫಲಕ ಬೇಕು. ಅದಕ್ಕೇ ವಾಯೇಜರ್‌ನಲ್ಲಿ ಪ್ಲುಟೋನಿಯಂ-238ರ ಶಾಖದಿಂದ ವಿದ್ಯುತ್ ಮಾಡುವ ಮೂರು ಘಟಕಗಳಿವೆ, ಹಾರುವಾಗ ಒಟ್ಟು 470 ವ್ಯಾಟ್. ಅರ್ಧಾಯುಷ್ಯ 87.7 ವರ್ಷ, ಹಾಗಾಗಿ ಅದು ಇವತ್ತಿಗೂ ಉಸಿರಾಡ್ತಾ ಇದೆ. ನಮ್ಮಲ್ಲಿ ಈ ದಾರಿಯ ಮೊದಲ ಹೆಜ್ಜೆ ಚಂದ್ರಯಾನ-3ರ ಪ್ರೊಪಲ್ಷನ್ ಮಾಡ್ಯೂಲ್‌ನಲ್ಲಿತ್ತು: ತಲಾ ಒಂದು ವ್ಯಾಟ್‌ನ ಎರಡು ಪುಟ್ಟ ಹೀಟರ್. ಅವು ಬರೀ ಬೆಚ್ಚಗಿಡುವಂಥವು. ಒಂದು ವ್ಯಾಟ್‌ನಿಂದ ಮುನ್ನೂರು ವ್ಯಾಟ್‌ಗೆ ಹೋಗಲು ಹತ್ತು ಹದಿನೈದು ವರ್ಷ ಬೇಕು. ಈಗ ಶುರು ಮಾಡದಿದ್ದರೆ 2040ರಲ್ಲೂ ನಮ್ಮ ಹುಡುಗರು ಇದೇ ಲೇಖನ ಬರೀತಾರೆ.

ಸಮಯದ ವಿಚಾರವೇ ನಿಜವಾದ ತೊಡಕು ಅಂತ ನಮಗನ್ನಿಸುತ್ತೆ. ಇವತ್ತು ಕೆಲಸ ಹಿಡಿದರೆ ಫಲ ಕಾಣುವ ಹೊತ್ತಿಗೆ ನಮಗೆ 45 ವರ್ಷ ಆಗಿರುತ್ತೆ. ಮೂರು ತಿಂಗಳಿಗೊಂದು ಹೊಸ ಕೋರ್ಸು, ಎರಡು ವರ್ಷಕ್ಕೊಂದು ಕಂಪನಿ ಅನ್ನೋ ಕಾಲದಲ್ಲಿ ಇಷ್ಟು ಉದ್ದದ ಕೆಲಸಕ್ಕೆ ಯಾರು ಕೂಡ್ತಾರೆ? ಆದರೆ ಉದ್ದದ ಕೆಲಸ ಅಂದರೆ ಏನು ಅಂತ ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ರಾಷ್ಟ್ರಕ್ಕೆ ಅರ್ಪಣೆ ಆದದ್ದು 2006ರಲ್ಲಿ. ಮೊದಲ ನಕ್ಷೆ ಬರೆದ ಇಂಜಿನಿಯರುಗಳಲ್ಲಿ ಅನೇಕರು ನಿವೃತ್ತರಾಗಿ ಎಷ್ಟೋ ವರ್ಷ ಆಗಿತ್ತು. ಅದರ ಬೆಲೆ ಕೊಟ್ಟವರೂ ನಮ್ಮವರೇ: ಹಳೇ ಬಾಗಲಕೋಟೆಯ ಓಣಿಗಳು, ಎಷ್ಟೋ ಊರ ಹೊಲಗಳು ಮುಳುಗಡೆಯಾದವು, ನವನಗರ ಹುಟ್ಟಿತು. 519.60 ಮೀಟರಿನ ನೀರಿನ ಮಟ್ಟ 524.256ಕ್ಕೆ ಏರುವ ವಿಚಾರ ಇನ್ನೂ ಮನೆಮನೆಯ ಮಾತು. ತಲೆಮಾರು ದಾಟುವ ಯೋಜನೆಯಲ್ಲಿ ಯಾರು ಕೊಡ್ತಾರೆ, ಯಾರು ಪಡೀತಾರೆ, ನಡುವೆ ಕಾಗದಪತ್ರ ಯಾರ ಕೈಯಲ್ಲಿ ಕಳೆದುಹೋಗುತ್ತೆ ಅನ್ನೋದು ನಮಗೆ ಪುಸ್ತಕದಿಂದ ತಿಳಿದ ವಿಷಯ ಅಲ್ಲ. ಅದಕ್ಕೇ ಇಂಥ ಯೋಜನೆಯ ಮೇಜಿನ ಸುತ್ತ ನಮ್ಮ ಕಡೆಯವರು ಕೂತಿರಬೇಕು ಅನ್ನೋದು ನಮ್ಮ ಹಟ.

ಕೈ ಬದಲಾಗುವಾಗ ಕೆಲಸ ಕೆಡಬಾರದು, ಅದೂ ಒಂದು ವಿದ್ಯೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಗೆ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ವಾಯೇಜರ್ ತಂಡದಲ್ಲಿ ಈ ಕೊಂಡಿ ಹಾಕುವ ಕೆಲಸವನ್ನೇ ಐವತ್ತು ವರ್ಷ ಹತ್ತಿರ ಮಾಡ್ತಾ ಬಂದಿದ್ದಾರೆ. ನೌಕೆಯ ಹಳೇ ಕಂಪ್ಯೂಟರ್ ಭಾಷೆ ಬಲ್ಲವರು ಹೋಗ್ತಾರೆ, ಹೊಸಬರು ಹಳದಿಬಿದ್ದ ಕಾಗದಗಳನ್ನು ಓದಿ ಕಲೀತಾರೆ. ನಮ್ಮ ಕಾಲೇಜುಗಳಲ್ಲಿ ಹೋದ ವರ್ಷದ ಪ್ರಾಜೆಕ್ಟ್ ರಿಪೋರ್ಟು ಈ ವರ್ಷದವರಿಗೆ ಕಾಪಿ ಹೊಡೆಯೋಕೆ ಮಾತ್ರ ಬೇಕು. ಅದನ್ನು ಮುಂದುವರಿಸೋಣ ಅಂತ ಯಾರಾದರೂ ಹೇಳಿದರೆ ಗೈಡ್ ಕೂಡ ಒಪ್ಪೋದಿಲ್ಲ, 'ಹೊಸ ಟೈಟಲ್ ತಗೊಂಡ್ ಬಾರಪ್ಪ' ಅಂತಾರೆ.

ಹಾಗಾಗಿ ನಮ್ಮ ಪ್ರಸ್ತಾಪ ಸಣ್ಣದು. ಕೊನೆಯ ವರ್ಷದ ಒಂದು ಪ್ರಾಜೆಕ್ಟನ್ನು ಮೂರು ಬ್ಯಾಚ್ ಸೇರಿ ಮಾಡೋಣ. ವಾಯೇಜರ್-2ರ ದತ್ತಾಂಶವನ್ನು ನಾಸಾ ಎಲ್ಲರಿಗೂ ಬಿಟ್ಟಿಯಾಗಿ ತೆರೆದಿಟ್ಟಿದೆ, ಲಾಗಿನ್ ಸಹ ಬೇಡ. 2024ರ ಆ ಅಧ್ಯಯನದವರು ಬಳಸಿದ್ದೂ ಅದನ್ನೇ. ಕಂಪ್ಯೂಟರ್ ಸೈನ್ಸ್‌ನವರು ಮೊದಲ ವರ್ಷ ಯುರೇನಸ್‌ನ ಕಾಂತಕ್ಷೇತ್ರದ ಅಂಕಿಗಳನ್ನು ಓದುವ ಪ್ರೋಗ್ರಾಂ ಬರೆಯಲಿ. ಇ ಆಂಡ್ ಸಿಯವರು ರೀಡ್-ಸಾಲೊಮನ್ ಡಿಕೋಡರನ್ನು ಎಫ್‌ಪಿಜಿಎ ಮೇಲೆ ಇಳಿಸಲಿ. ಮೆಕ್ಯಾನಿಕಲ್‌ನವರಿಗೆ ಬಿಗಿದ ಗೇರ್ ಇದೆ, ಎಲೆಕ್ಟ್ರಿಕಲ್‌ನವರಿಗೆ ಶಾಖದಿಂದ ವಿದ್ಯುತ್ ಇದೆ. ವಿವರಣೆ ಎಲ್ಲ ಕನ್ನಡದಲ್ಲೂ ಬರೆದಿಡಬೇಕು, ಅದು ಬಳಗದ ಜವಾಬ್ದಾರಿ. ಪ್ರಶ್ನೆ ಕೇಳಿದ ಹುನಗುಂದದ ಗೆಳೆಯನೇ ಲೆಕ್ಕಪತ್ರ ನೋಡ್ಕೋತೀನಿ ಅಂದಿದ್ದಾನೆ. ಅವನ ವಾದ ಬದಲಾಗಿಲ್ಲ, ದುಡ್ಡು ಪೋಲಾಗದ ಹಾಗೆ ಕಾಯೋರೊಬ್ಬರು ಬೇಕಲ್ಲ ಅಂತಾನೆ.

ಇನ್ನು ಗ್ರಹವನ್ನು ಕಣ್ಣಾರೆ ನೋಡದೆ ಇಷ್ಟೆಲ್ಲ ಮಾತಾಡಬಾರದು ಅನ್ನುವವರಿಗೆ: ಯುರೇನಸ್ ಸದ್ಯ ವೃಷಭ ರಾಶಿಯಲ್ಲಿದೆ, ಕೃತ್ತಿಕೆಯಿಂದ ಬಹಳ ದೂರ ಇಲ್ಲ. ಕತ್ತಲ ರಾತ್ರಿಯಲ್ಲಿ ಒಳ್ಳೆ ಕಣ್ಣಿಗೆ ಬರಿದಾಗಿಯೇ ಕಾಣಬಹುದು, ಬೈನಾಕ್ಯುಲರ್ ಇದ್ದರೆ ಖಂಡಿತ. ಚಳಿಗಾಲದ ಒಂದು ಅಮಾವಾಸ್ಯೆಗೆ ಬಾದಾಮಿ ಕಡೆ, ಊರ ದೀಪ ಬೀಳದ ಜಾಗಕ್ಕೆ ಹೋಗುವ ಯೋಚನೆ ಇದೆ. ಬೈನಾಕ್ಯುಲರ್ ಬಳಗದ ಹತ್ತಿರ ಒಂದೇ ಇದೆ. ಮನೇಲಿ ಇದ್ದವರು ತಂದರೆ ಒಳ್ಳೇದು, ಸ್ವೆಟರ್ ಮರೀಬ್ಯಾಡ್ರಿ.